ಚಿಲಕದವಳ ಫೋನು

ನಮ್ಮ ಬೀದಿಯ ಮೊಬೈಲ್ ರಿಪೇರಿಯವಳಿಗೆ ‘ಚಿಲಕ’ ಎಂದೇ ಹೆಸರು. ಗಾಜು ಒಡೆದಿದೆಯೆಂದು ಫೋನು ಕೊಟ್ಟರೂ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಶನ್, ಮೈಕು, ಕ್ಯಾಮೆರಾ ನೋಡದೆ ವಾಪಸ್ ಕೊಡುವವಳಲ್ಲ. “ಟಾರ್ಚ್ ಆ್ಯಪ್‌ಗೆ ನೀವೆಲ್ಲಿದ್ದೀರಿ ಅಂತ ಯಾಕ್ರೀ ಬೇಕು?” ಎಂದು ಗದರುತ್ತಾಳೆ.

ಗಂಡನ ಹೊಡೆತ ತಾಳಲಾರದೆ ಇವಳ ಅಕ್ಕ ಮನೆ ಬಿಟ್ಟಾಗ ಅವಳ ಫೋನನ್ನೂ ಇವಳೇ ಜಾಲಾಡಿ ಭದ್ರ ಮಾಡಿದ್ದಳು. ಅಕ್ಕ ದೂರದಲ್ಲೊಂದು ಕೋಣೆ ಹಿಡಿದಳು. ಇವಳು ಭಾನುವಾರ ಹೋಗಿ ಬರುತ್ತಿದ್ದಳು. ಮೂರನೆಯ ಭಾನುವಾರ, ಇವಳು ಚಪ್ಪಲಿ ಬಿಡುವಷ್ಟರಲ್ಲಿ ಹಿಂದೆ ಮೆಟ್ಟಿಲ ಮೇಲೆ ಭಾವ ನಿಂತಿದ್ದ.

“ನಿನ್ನ ಹಿಂದೇನೇ ಬಂದೆ ಪುಟ್ಟಿ,” ಎಂದು ತನ್ನ ಫೋನು ತೋರಿಸಿದ.

ಕಾಲೇಜಿಗೆ ಹೋಗುತ್ತಿದ್ದಾಗ, ಬಸ್ ಸ್ಟಾಪಿನಿಂದ ಕರೆತರಲಿ ಎಂದು ಇವಳೇ ಅವನಿಗೆ ಲೊಕೇಶನ್ ಹಂಚಿದ್ದಳು. ಅದು ಇನ್ನೂ ಆನ್ ಇತ್ತು. ಊರವರ ಫೋನೆಲ್ಲ ಜಾಲಾಡಿದವಳು ತನ್ನದನ್ನು ಮುಟ್ಟಿರಲಿಲ್ಲ!

ಅಕ್ಕಪಕ್ಕದವರು ಸೇರಿ ಅವನನ್ನು ಅಟ್ಟಿದರು. ಮರುದಿನವೇ ಅಕ್ಕ ಆ ಕೋಣೆ ಖಾಲಿ ಮಾಡಿದಳು.

ಈಗ ಚಿಲಕ ದಿನಕ್ಕೆ ಹತ್ತು ಸಲ ತನ್ನ ಸೆಟ್ಟಿಂಗ್ಸ್ ತೆರೆದು ನೋಡುತ್ತಾಳೆ. ಎಲ್ಲ ಆಫ್ ಇದ್ದರೂ ರಸ್ತೆಯಲ್ಲಿ ಹಿಂತಿರುಗಿ ನೋಡುತ್ತಲೇ ನಡೆಯುತ್ತಾಳೆ.

“ಅಕ್ಕ ಈಗೆಲ್ಲಿದ್ದಾಳೆ?” ಎಂದು ಒಮ್ಮೆ ಕೇಳಿಬಿಟ್ಟೆ.

“ನಂಗೂ ಹೇಳಿಲ್ಲ,” ಎಂದಳು. “ಒಳ್ಳೇದೇ ಮಾಡಿದ್ಳು.”