ಚೆನ್ನಾಗಿ ವಿಚಾರಿಸಿಕೊಂಡರು

ಕಳೆದ ವಾರ ಬನಶಂಕರಿಯ ಛತ್ರವೊಂದರಲ್ಲಿ ಮದುವೆ. ಬಾಳೆಲೆಯ ಮೇಲೆ ಬಿಸಿ ಸಾರು ಬಿದ್ದಾಗ ಏಳುವ ಆ ವಾಸನೆ... ಹುಡುಗಿಯ ಸೋದರಮಾವ ನನ್ನ ಕೈಗೆ ಪಾಯಸದ ಬಕೆಟ್ಟು ಕೊಟ್ಟು, "ಸಾರ್, ಆ ಕಡೆ ಪಂಕ್ತಿ ಸ್ವಲ್ಪ ವಿಚಾರಿಸ್ಕೊಳ್ಳಿ" ಎಂದರು. ಆ ಮಾತಿಗೆ ಎದುರುಮನೆಯವರು ನೆನಪಾಗಿಬಿಟ್ಟರು.

ಜಯನಗರದ ನಮ್ಮ ಬೀದಿಯಲ್ಲಿ ಅವರನ್ನು ದುಭಾಷಿಗಳು ಎಂದೇ ಕರೆಯುತ್ತಿದ್ದೆವು. ಪರದೇಶದ ಸೈನ್ಯವೊಂದರ ಬಂಧನ ಶಿಬಿರದಲ್ಲಿ ಕೆಲಸ. ಅಧಿಕಾರಿಯ ಪ್ರಶ್ನೆಯನ್ನು ಅರಬ್ಬಿಗೂ ಕೈದಿಯ ಉತ್ತರವನ್ನು ಇಂಗ್ಲಿಷಿಗೂ ದಾಟಿಸುವುದು. ಒಮ್ಮೆ ರಜೆಗೆ ಬಂದವರು ಮಂಕಾಗಿ ಕೂತೇ ಇದ್ದರು. ಕೊನೆಗೆ ಬಡಾವಣೆಯ ವಾರಪತ್ರಿಕೆಯ ವರದಿಗಾರನನ್ನು ಕರೆಸಿ, ಅಲ್ಲಿ ಕಂಡದ್ದನ್ನು ಹೇಳಿದರು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆಂದು ಗೊತ್ತಿದ್ದೇ ಹೇಳಿದರು. ಆದರೆ ಸಂಕೋಚದ ಮನುಷ್ಯ. ಹೊಡೆತ ಎಂಬ ಪದ ಬಾಯಿಗೆ ಬರದೆ, "ಕೈದಿಗಳನ್ನ ಚೆನ್ನಾಗಿ ವಿಚಾರಿಸ್ಕೊಳ್ತಿದ್ರು" ಎಂದುಬಿಟ್ಟಿದ್ದರಂತೆ.

ನಮ್ಮ ಕನ್ನಡದಲ್ಲಿ ಬೀಗರನ್ನೂ ಕಳ್ಳನನ್ನೂ ಒಂದೇ ಕ್ರಿಯಾಪದದಲ್ಲಿ ವಿಚಾರಿಸಿಕೊಳ್ಳಬಹುದು. ವರದಿಗಾರ ಬೀಗರ ಕಡೆಯವನಿರಬೇಕು. "ಶತ್ರುಗಳಿಗೂ ಆದರಾತಿಥ್ಯ" ಎಂದು ಭಾವಚಿತ್ರಸಮೇತ ಅಚ್ಚಾಯಿತು.

"ಒಳ್ಳೇದೇ ಆಯ್ತು ಬಿಡ್ರೀ, ಕೆಲಸ ಉಳೀತು. ಇನ್ನು ಸುಮ್ನಿದ್ಬಿಡಿ" ಎಂದರು ಅವರ ಹೆಂಡತಿ, ನನ್ನೆದುರಿಗೇ. ಅವರು ಪತ್ರಿಕೆ ಮಡಚಿ ಪಕ್ಕಕ್ಕಿಟ್ಟರು.

ಅಷ್ಟರಲ್ಲಿ ರಾಜ್ಯೋತ್ಸವ ಬಂತು. ಬೀದಿಯ ಸಮಿತಿ, ಅಂದರೆ ನಾನು ಮತ್ತು ಇನ್ನಿಬ್ಬರು ನಿವೃತ್ತರು, ಸುದೀರ್ಘ ಸಮಾಲೋಚನೆಯ ನಂತರ, ಪೇಪರಿನಲ್ಲಿ ಬಂದವರನ್ನೇ ಸನ್ಮಾನಿಸುವುದೆಂದು ತೀರ್ಮಾನಿಸಿತು. ಶಾಲು, ಹಣ್ಣಿನ ಬುಟ್ಟಿ, ಹುಬ್ಬಿನವರೆಗೆ ಇಳಿಯುವ ಮೈಸೂರು ಪೇಟ. ಅವರು ಪೇಟ ತೆಗೆದು ಕುರ್ಚಿಯ ಮೇಲಿಟ್ಟು ಮೈಕ್ ಹಿಡಿದರು.

"ವಿಚಾರಿಸ್ಕೊಂಡ್ರು ಅಂದ್ರೆ ಹೊಡೆದ್ರು. ಕೈ ಮೇಲಕ್ಕೆ ಕಟ್ಟಿ ಹೊಡೆದ್ರು. ಕೈದಿಗಳು ಅಮ್ಮಾ ಅಂತ ಕೂಗೋರು. ಅದನ್ನ ಅನುವಾದ ಮಾಡೋದು ಬೇಡ ಅಂತಿದ್ರು ಆಫೀಸರು. ಇವತ್ತು ಮಾಡ್ತಿದೀನಿ."

ಚಪ್ಪಾಳೆ ಬೀಳಲಿಲ್ಲ. ಹಿಂದಿನಿಂದ ಯಾರೋ, "ಹಬ್ಬದ ದಿನ ಇದೆಲ್ಲಾ ಬೇಕಿತ್ತಾ ಗುರು?" ಎಂದರು. ಸುಮ್ಮನಿರಿ ಎಂದಿದ್ದ ಹೆಂಡತಿ ಎದ್ದು ವೇದಿಕೆಗೆ ಹೋಗಿ, ಜಾರುತ್ತಿದ್ದ ಶಾಲನ್ನು ಅವರ ಹೆಗಲಿಗೆ ಸರಿಪಡಿಸಿ ಪಕ್ಕದಲ್ಲೇ ನಿಂತರು.

ಆ ಮಾತು ಮೊಬೈಲುಗಳಲ್ಲಿ ಹರಿದಾಡಿ, ತಲುಪಬೇಕಾದಲ್ಲಿಗೆ ತಲುಪಿತು. ಕೆಲಸ ಹೋಯಿತು. ಆಮೇಲೆ ಅವರು ಕೊಲ್ಲಿಗೆ ಹೊರಟ ಹುಡುಗರಿಗೆ ಮನೆಯಲ್ಲೇ ಅರಬ್ಬಿ ಕಲಿಸುತ್ತಿದ್ದರು. ಹೋದ ವರ್ಷ ಅವರೂ ತೀರಿಹೋದರು...

ಛತ್ರದಲ್ಲಿ ನಾನು, "ವಿಚಾರಿಸ್ಕೊಳ್ಳೋದೆಲ್ಲ ಬೇಡ, ಬಡಿಸ್ತೀನಿ" ಎಂದೆ. ಎಂದ ಮೇಲೆ ಹೊಳೆಯಿತು, ಅದರೊಳಗೂ ಒಂದು 'ಬಡಿ' ಕೂತಿದೆ. ಮನೆಗೆ ಹೋದಕೂಡಲೇ ಹೇಳಬೇಕೆಂದುಕೊಂಡೆ. ಹೇಳಲು ಎದುರುಮನೆಯಲ್ಲಿ ಅವರಿಲ್ಲ.