ಎಳನೀರು ತರಿಸುತ್ತಿದ್ದ ವಾರಿಜಕ್ಕ

ತೊಂಬತ್ತರ ದಶಕದ ಆರಂಭದ ಒಂದು ಭಾನುವಾರ, ಸಂಜೆ ನಾಲ್ಕು ಗಂಟೆ. ಮುಂಬಯಿಯ ವಿಕ್ರೋಳಿ ಕಡೆಯ ಆಸ್ಪತ್ರೆಯೊಂದರ ಹೆಂಗಸರ ವಾರ್ಡು. ಹಾಜರಿದ್ದವರು: ಮಂಚದ ಮೇಲೆ ವಾರಿಜಕ್ಕ, ಸ್ಟೂಲಿನ ಮೇಲೆ ನಾನು, ಪಕ್ಕದ ಮಂಚದ ರೋಗಿ ಮತ್ತು ಅವರನ್ನು ನೋಡಲು ಬಂದ ಮೂವರು ಗಂಡಸರು. ಲಕ್ವ ಹೊಡೆದು ವಾರಿಜಕ್ಕನ ಬಲಭಾಗ ಬಿದ್ದುಹೋಗಿತ್ತು. ಮಾತು ನಿಂತಿತ್ತು. ಮಂಚಕ್ಕೆ ಪರದೆ ಇರಲಿಲ್ಲ. ನಾನು ಮೊದಲು ಗಮನಿಸಿದ್ದು ಅದನ್ನೇ. ಅವರ ಕೈಕೆಳಗೆ ಕಲಿತವಳಿಗೆ ಬೇರೇನು ಕಂಡೀತು?

ಮಲಾಡಿನ ನಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಅವರು ಹಿರಿಯ ಸಿಸ್ಟರ್, ಉಡುಪಿಯವರು. ಮದುವೆಯಾಗಿ ಮೈಸೂರಿನಿಂದ ಮುಂಬಯಿಗೆ ಬಂದು ನರ್ಸ್ ಕೆಲಸಕ್ಕೆ ಸೇರಿದ ನನ್ನನ್ನು ಹೆಸರಿನಿಂದ ಕರೆದದ್ದೇ ಇಲ್ಲ. ನಾನು ಅವರಿಗೆ ಕೊನೆಯವರೆಗೂ 'ಮೈಸೂರು'.

ಆ ಕಾಲದಲ್ಲಿ ನೋವು ಬಂದು ದಾಖಲಾದ ಪ್ರತಿ ಹೆಂಗಸಿಗೂ ಸೋಪುನೀರಿನ ಎನಿಮಾ ಕೊಡುವುದು ನಿಯಮ. ಆಮೇಲೆ ಆಕೆ ಕಾರಿಡಾರ್ ದಾಟಿ ಕೊನೆಯಲ್ಲಿದ್ದ ಕಕ್ಕಸಿಗೆ ಹೋಗಬೇಕು. ಕಾರಿಡಾರಿನ ಬೆಂಚಿನ ಮೇಲೆ ಗಂಡ, ಮಾವ, ಮೈದುನ. ಒದ್ದೆ ಗೌನನ್ನು ಹಿಂದೆ ಒಂದು ಕೈಯಲ್ಲಿ, ಹೊಟ್ಟೆಯನ್ನು ಮುಂದೆ ಇನ್ನೊಂದು ಕೈಯಲ್ಲಿ ಹಿಡಿದು ಅವರೆದುರೇ ಧಾವಿಸಬೇಕು. ಅದಕ್ಕೇ ವಾರಿಜಕ್ಕ ಎನಿಮಾ ಡಬ್ಬಿಯನ್ನು ಕೊಕ್ಕೆಗೆ ಹಾಕುವ ಮೊದಲು ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು.

"ಸಬ್ ಲೋಗ್ ಜಾವ್, ನಾರಿಯಲ್ ಪಾನಿ ಲಾವ್. ಸ್ಟೇಷನ್ ಕೆ ಪಾಸ್‌ವಾಲಾ. ಇಧರ್‌ವಾಲಾ ನಹೀ ಚಲೇಗಾ."

ಎಲ್ಲರೂ ಹೋಗಬೇಕು, ಎಳನೀರು ಸ್ಟೇಷನ್ ಹತ್ತಿರದ್ದೇ ಆಗಬೇಕು ಎಂದು ಅಪ್ಪಣೆ. ಎಳನೀರಿನವನು ಗೇಟಿನೆದುರೇ ಇದ್ದ. ಆದರೂ ಗಂಡಸರು ಮರುಮಾತಿಲ್ಲದೆ ಸ್ಟೇಷನ್ನಿಗೆ ನಡೆಯುತ್ತಿದ್ದರು; ಆ ಹೊತ್ತಿನಲ್ಲಿ ಏನಾದರೊಂದು ಕೆಲಸ ಸಿಕ್ಕರೆ ಅವರಿಗೂ ಬದುಕಿದೆವು ಅನ್ನಿಸುತ್ತಿತ್ತು. ಕುಡಿಯುವವರಿಲ್ಲದೆ ಉಳಿದ ಎಳನೀರನ್ನು ನಾವೇ ಕುಡಿದು ಮುಗಿಸುತ್ತಿದ್ದೆವು. ಒಮ್ಮೆ ನಾನು ನಕ್ಕದ್ದಕ್ಕೆ ಗದರಿದರು: "ಎಂತ ನಗೆ, ಮೈಸೂರು? ನಾಳೆ ನೀನೂ ಓಡ್ಬೇಕು ಇಲ್ಲಿ."

ಎನಿಮಾ ಕೊಟ್ಟರೂ, ಮಗುವನ್ನು ನೂಕಲು ಮುಕ್ಕುವಾಗ ಮಲ ಬರುವುದುಂಟು. ಹೆರಿಗೆ ಮೇಜಿನ ಬಳಿ ವಾರಿಜಕ್ಕನ ಎಡಗೈಯಲ್ಲಿ ಸದಾ ಒಂದು ಮಡಿಚಿದ ಹಳೇ ಬಟ್ಟೆ. ಬಂದದ್ದು ಯಾರಿಗೂ ಕಾಣುವ ಮೊದಲೇ ಬಟ್ಟೆ ಬಕೆಟ್ಟಿಗೆ ಹೋಗುತ್ತಿತ್ತು. ಕಣ್ಣು ಮಾತ್ರ ಹೆರುವವಳ ಮುಖದಿಂದ ಕದಲುತ್ತಿರಲಿಲ್ಲ.

ದಹಿಸರ್‌ನಿಂದ ಸುನಂದಾ ಎಂಬ ಉಡುಪಿ ಕಡೆಯ ಹುಡುಗಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಗಂಡನಿಗೆ ಹೋಟೆಲಿನಲ್ಲಿ ಕೆಲಸ. ಮಗುವಿನ ತಲೆ ಕಾಣುತ್ತಿತ್ತು, ಹುಡುಗಿ ಮುಕ್ಕುತ್ತಿರಲಿಲ್ಲ. ಮಗುವಿನ ಎದೆಬಡಿತ ನಿಧಾನವಾಗುತ್ತಾ ಬಂತು. ಡಾಕ್ಟರ್ ರೇಗಿದರು. ವಾರಿಜಕ್ಕ ಬಗ್ಗಿ ಅವಳ ಕಿವಿಯಲ್ಲಿ ತುಳುವಿನಲ್ಲಿ ಏನೋ ಕೇಳಿದರು. ಹುಡುಗಿ ಹೇಳಿದ್ದನ್ನು ಆಮೇಲೆ ನನಗೆ ತಿಳಿಸಿದರು: ಅವಳ ಓರಗಿತ್ತಿ ಹೆರಿಗೆ ಮೇಜಿನ ಮೇಲೆ ಹೊಲಸು ಮಾಡಿಕೊಂಡ ಕಥೆಯನ್ನು ಅತ್ತೆಯೇ ಮನೆಯಲ್ಲಿ ಹೇಳಿ ಹೇಳಿ ಎಲ್ಲರನ್ನೂ ನಗಿಸಿದ್ದರಂತೆ. ಆ ಭಯಕ್ಕೆ ಹುಡುಗಿ ಹಿಂದಿನ ದಿನದಿಂದ ಅನ್ನ ಮುಟ್ಟಿರಲಿಲ್ಲ. ಈಗ ಎಲ್ಲವನ್ನೂ ಬಿಗಿಹಿಡಿದು ಮಲಗಿದ್ದಳು. ಅದೇ ಅತ್ತೆ ಬಾಗಿಲಲ್ಲಿ ನಿಂತು ಇಣುಕುತ್ತಿದ್ದರು.

"ಅಮ್ಮಾ, ನೀವೊಂದು ಬೊಂಡ ತನ್ನಿ," ಎಂದರು ವಾರಿಜಕ್ಕ. ಅವರ ಕಡೆ ಎಳನೀರಿಗೆ ಬೊಂಡ ಎನ್ನುತ್ತಾರೆ.

"ತರ್ಲಿಕ್ಕೆ ಮಗ ಹೋಗಿದ್ದಾನಲ್ಲ?"

"ಒಂದು ಸಾಕಾಗುದಿಲ್ಲ. ಹೋಗಿ."

ಬಾಗಿಲು ಹಾಕಿ ಬಂದು ಹುಡುಗಿಯ ಬಾಯಿಗೆ ಚಮಚದಿಂದ ಸಕ್ಕರೆ ನೀರು ಬಿಟ್ಟರು. "ಬಂದ್ರೆ ಬರ್ಲಿ ಮಾರಾಯ್ತಿ. ನನ್ನ ಕೈ ಉಂಟು ಅಲ್ಲಿ. ನೀನು ಮುಕ್ಕು."

ಹುಡುಗಿ ಮುಕ್ಕಿದಳು. ಅವಳು ಹೆದರಿದ್ದೇ ಮೊದಲು ಬಂತು, ಬಟ್ಟೆಯೊಳಗೆ ಹೋಯಿತು. ಹಿಂದೆಯೇ ಮಗು. ಅದು ಅಳುವುದು ತಡವಾಯಿತು. ಮಗು ಅತ್ತ ಮೇಲೆ ಹುಡುಗಿ ಕೇಳಿದ್ದು ಗಂಡೋ ಹೆಣ್ಣೋ ಎಂದಲ್ಲ. "ಅಕ್ಕಾ, ನಂಗೆ ಎಂತಾದ್ರೂ ಆಯ್ತಾ?"

"ಎಂತ ಆಗ್ಲಿಲ್ಲ. ಮಗಳಾದ್ಳು, ಅಷ್ಟೇ."

ಮುಂದೆ ಹೊಸ ಡಾಕ್ಟರೊಬ್ಬರು ಬಂದು, ಎಲ್ಲರಿಗೂ ಎನಿಮಾ ಬೇಕಿಲ್ಲ ಎಂದು ನಿಯಮ ತೆಗೆದರು. ವಾರಿಜಕ್ಕನಿಗೆ ಒಪ್ಪಿಗೆಯಾಗಲಿಲ್ಲ, ಮೇಜು ಅವರು ತೊಳೀತಾರಾ ಎಂದು ಗೊಣಗಿಕೊಂಡೇ ಪಾಲಿಸಿದರು. ಗಂಡಸರನ್ನು ಎಳನೀರಿಗೆ ಅಟ್ಟುವುದನ್ನು ಮಾತ್ರ ಬಿಡಲಿಲ್ಲ. ಅವರಿಗೆ ಮದುವೆಯಾಗಿರಲಿಲ್ಲ. ನಿವೃತ್ತಿಯ ನಂತರ ವಿಕ್ರೋಳಿಯಲ್ಲಿ ತಂಗಿಯ ಮಗಳ ಮನೆ ಸೇರಿದ್ದರು.

ಆ ಭಾನುವಾರ ನಾನು ಕೂತ ಸ್ವಲ್ಪ ಹೊತ್ತಿಗೆ ವಾಸನೆ ಬಂತು. ವಾರಿಜಕ್ಕನ ಎಡಗೈ ಚಾದರವನ್ನು ಹಿಂಡುತ್ತಿತ್ತು. ಕಣ್ಣು ನನ್ನ ಮೇಲಿರಲಿಲ್ಲ, ಆ ಮೂವರು ಗಂಡಸರ ಮೇಲಿತ್ತು. ಅವರಲ್ಲೊಬ್ಬ ಮೂಗಿಗೆ ಕರವಸ್ತ್ರ ಹಿಡಿದಿದ್ದ. ಆಯಾಳನ್ನು ಕೇಳಿದರೆ, ನೋಡಲು ಬಂದವರು ಹೋಗಲಿ, ಆಮೇಲೆ ಮಾಡ್ತೇನೆ ಅಂದಳು.

ನಾನು ಎದ್ದೆ. "ಭಾಯಿಸಾಬ್, ಜರಾ ನಾರಿಯಲ್ ಪಾನಿ ಲಾಯೇಂಗೆ? ಸ್ಟೇಷನ್ ಕೆ ಪಾಸ್‌ವಾಲಾ."

ಮೂವರೂ ಹೋದರು. ಅವರ ರೋಗಿ ಗೋಡೆಯ ಕಡೆ ಮಗ್ಗುಲಾದರು. ನಾನು ಬಿಸಿನೀರು ತಂದು, ವಾರಿಜಕ್ಕನನ್ನು ಮಗ್ಗುಲಿಗೆ ತಿರುಗಿಸಿ, ತೊಳೆದು ಒರೆಸಿ, ಚಾದರ ಬದಲಿಸಿದೆ. ಅವರ ಮುಖವನ್ನೇ ನೋಡುತ್ತಿದ್ದೆ. ಬಾಯಿ ತೆರೆದರು, ಸ್ವರ ಹೊರಡಲಿಲ್ಲ.

"ಎಂತ ಆಗ್ಲಿಲ್ಲ ಅಕ್ಕಾ," ಎಂದೆ, ಅವರದೇ ಮಾತಿನಲ್ಲಿ. ಚಾದರ ಹಿಂಡುತ್ತಿದ್ದ ಕೈ ಸಡಿಲವಾಯಿತು.

ಗಂಡಸರು ಎಳನೀರು ತಂದಾಗ ವಾರಿಜಕ್ಕ ನಿದ್ದೆ ಹೋಗಿದ್ದರು. ಮುಂದಿನ ಭಾನುವಾರದ ಹೊತ್ತಿಗೆ ವಾರಿಜಕ್ಕ ಇರಲಿಲ್ಲ, ಆ ಮಂಚದಲ್ಲಿ ಬೇರೆಯವರಿದ್ದರು.

ಆ ಮೊದಲ ಭಾನುವಾರ, ಅವರು ನಿದ್ದೆಯಲ್ಲಿದ್ದಾಗ, ಬಟ್ಟೆಗಳನ್ನು ಒಗೆಯಲು ಹಾಕಿದೆ. ಬೋಗುಣಿ ತೊಳೆದು ಮಂಚದ ಕೆಳಗೆ ಬೋರಲಿಟ್ಟೆ. ಕುಡಿಯುವವರಿಲ್ಲದ ಎಳನೀರನ್ನು ಕಿಟಕಿಯ ಬಳಿ ನಿಂತು ನಾನೇ ಕುಡಿದು ಮುಗಿಸಿದೆ.