ಕೌಸ್ತುಭ ಮಾಸ್ತರರ ಕುಸುಬಿ ವಾರ್ನಿಶ್

ಸೇಡಂನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದ ಕೌಸ್ತುಭ ಮಾಸ್ತರರಿಗೆ ೧೯೯೭ರ ಸುಮಾರಿಗೆ ಕುಸುಬಿ ಎಣ್ಣೆಯ ಹುಚ್ಚು ಹಿಡಿಯಿತು. ಸುತ್ತಲಿನ ಹೊಲಗಳ ಕುಸುಬಿಯಿಂದಲೇ ವಾರ್ನಿಶ್ ಮಾಡಬೇಕು, ಒಮ್ಮೆ ಗಟ್ಟಿಯಾದರೆ ಎಷ್ಟು ಕಾಯಿಸಿದರೂ ಅದು ಮತ್ತೆ ಕರಗಬಾರದು, ಇದು ಅವರ ಪಿಎಚ್.ಡಿ. ವಿಷಯ. ಎಣ್ಣೆಯನ್ನು ಲ್ಯಾಬಿನಲ್ಲಿ ಹದಗೊಳಿಸಿ, ನಿಂಬೆಉಪ್ಪು ಎಂಬ ಸಿಟ್ರಿಕ್ ಆಸಿಡ್ ಬೆರೆಸಿ, ಮನೆಯಲ್ಲಿ ಸಿಕ್ಕಸಿಕ್ಕಿದ್ದಕ್ಕೆಲ್ಲ ಬಳಿದರು. ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೂ ಒಣಗಲಿಲ್ಲ, ಕಿಟಕಿಯ ಮೇಲೂ ಒಣಗಲಿಲ್ಲ.

"ಈ ಪಿಎಚ್.ಡಿ. ನಿಮಗ ಸಿಗ್ತದೋ, ಇಲ್ಲಿ ಅಂಟ್ಕೊಂಡ ನೊಣಕ್ಕ ಸಿಗ್ತದೋ?" ಎಂದು ಹೆಂಡತಿ ನರ್ಮದಾ ಕಿಟಕಿ ಉಜ್ಜುತ್ತ ಕೇಳುತ್ತಿದ್ದಳು.

ಒಂದು ಭಾನುವಾರ ಚಿತ್ತಾಪುರದಿಂದ ಕಾಕಾ ಗೋಪಾಲಾಚಾರ್ಯರು ಊಟಕ್ಕೆ ಬಂದರು. ಗುಡಿಯ ಪೂಜಾರಿ, ಭಾರಿ ಆಳು, ಭಾರಿ ಮಡಿ. ಹೊಸದಾಗಿ ಬಳಿದ ಮಣೆಯೊಂದು ಪಳಪಳ ಹೊಳೆಯುತ್ತಿತ್ತು. ಈ ಸಲ ಒಣಗಿದೆ ಎಂಬ ಭರವಸೆಯಿಂದ ಮಾಸ್ತರರು ಅದನ್ನೇ ಹಾಕಿ ಕೂರಿಸಿದರು.

ಹೋಳಿಗೆ ಮುಗಿಸಿ ಕಾಕಾ ಎದ್ದರು. ಮಣೆಯೂ ಎದ್ದಿತು.

"ಕೌಸ್ತುಭಾ, ಹಿಂದ ಯಾರೋ ಹಿಡಕೊಂಡಾರ ನೋಡೋ!"

"ಯಾರೂ ಇಲ್ಲ ಕಾಕಾ. ಮಣಿ ಬಂದದ."

ಕಾಕಾ ಕಂಬ ತಬ್ಬಿದರು, ಮಾಸ್ತರರು ಮಣೆ ಎಳೆದರು. ಸೀಮೆಎಣ್ಣೆ, ಸಾಬೂನು ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಕಾಕಾ ಒಳಗೆ ಹೋಗಿ ಧೋತರ ಬಿಚ್ಚಿದರು. ಮನೆಯ ಬೇರೆ ಧೋತರಗಳೆಲ್ಲ ಬಕೆಟ್ಟಿನ ನೀರಿನಲ್ಲಿದ್ದವು. ಹುಟ್ಟಿದಾರಭ್ಯ ಪ್ಯಾಂಟು ಮುಟ್ಟದ ಕಾಕಾ ಮಾಸ್ತರರ ಪ್ಯಾಂಟಿನಲ್ಲಿ ಕಾಲು ತೂರಿಸಿ ಹೊರಬಂದು, ಎರಡೂ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತರು.

"ಬಿಸಿ ತಾಗಿದ್ರ ಸಡಲಾಗ್ತದ ಕಾಕಾ," ಎಂದು ಮಾಸ್ತರರು ಇಸ್ತ್ರಿ ತಂದರು. ಗಾಬರಿಯಲ್ಲಿ ತಮ್ಮ ಪಿಎಚ್.ಡಿ. ವಿಷಯವೇ ಮರೆತಿತ್ತು. ಮಧ್ಯಾಹ್ನವೆಲ್ಲ ಧೋತರದ ಮೇಲೆ ಇಸ್ತ್ರಿ ಒತ್ತಿದರು. ಅಂಟು ಅಂಟಾಗಿದ್ದದ್ದು ಮೆಲ್ಲಗೆ ಕಲ್ಲಾಯಿತು. ಉಗುರಿನಿಂದ ಕೆರೆದರು, ಚಾಕುವಿನಿಂದ ಕೆರೆದರು. ಅಲುಗಲಿಲ್ಲ. ಇಷ್ಟು ದಿನ ಅದಕ್ಕೆ ಬೇಕಾಗಿದ್ದದ್ದು ಶಾಖ. ಇವರೋ ನೆರಳಿನಲ್ಲಿ ಒಣಗಿಸುತ್ತ ಕೂತಿದ್ದರು!

"ಗಟ್ಟ್ಯಾತು! ಕಾಕಾ, ಗಟ್ಟ್ಯಾತು!"

"ನನ್ನ ಧೋತರಾ?"

"ಇನ್ನ ಯಾವತ್ತೂ ಬರೂದಿಲ್ಲ ಕಾಕಾ!" ಮಾಸ್ತರರು ಆನಂದದಿಂದ ಅವರನ್ನು ಅಪ್ಪಿಕೊಂಡರು.

ಸಂಜೆಯ ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗ್ರೀ ಸಾಹೇಬ್ರ?" ಎಂದದ್ದು ಕಾಕಾಗೆ ಮೊದಲು ಸಿಟ್ಟು ತರಿಸಿತು. ಊರು ಹತ್ತಿರ ಬರುವಷ್ಟರಲ್ಲಿ ಎರಡೂ ಕೈ ಜೇಬಿನೊಳಗೆ ಹಾಯಾಗಿ ಕೂತಿದ್ದವು.

ಧೋತರ ಸಮೇತ ಮಣೆ ಗುಲಬರ್ಗಾದ ಗೈಡ್ ಬಳಿಗೆ ಹೋಯಿತು. ಅವರು ಕುದಿಸಿ, ನೆನೆಸಿ, ಕೊನೆಗೆ ಸೋತು, "ಬರಿಯಪ್ಪಾ ಥೀಸಿಸ್" ಎಂದರು. ಅಂದಿನಿಂದ ಮಾಸ್ತರರು ಪ್ರಯೋಗಕ್ಕಾಗಿ ಊರಿನ ಖಾಜಾನ ಬೇಕರಿಗೆ ಹೋಗತೊಡಗಿದರು. ಬಿಸ್ಕೀಟು ತೆಗೆದ ಭಟ್ಟಿಯ ಕಾವಿನಲ್ಲಿ ವಾರ್ನಿಶ್ ಬಳಿದ ಕಲ್ಲಿನ ತುಂಡುಗಳನ್ನು ಇಡುತ್ತಿದ್ದರು. ಒಮ್ಮೆ ಗಿರಾಕಿಯೊಬ್ಬ ಹೊಳೆಯುವ ತುಂಡನ್ನೆತ್ತಿ, "ಇದು ಹೆಂಗ ಕಿಲೋ?" ಎಂದು ಕೇಳಿದ.

ಖಾಜಾ ನಿಟ್ಟುಸಿರುಬಿಟ್ಟು, "ಅದು ಡಾಕ್ಟರ್ ಆಗಾಕ ತಿನ್ನೂದ್ರಿ, ಚಹಾಕ್ಕ ಅಲ್ಲ," ಎಂದ.